ಫೀಸ್ ಜೊತೆ ಕಟ್ಟಾಗಿದೆ, ಬಳಸ್ಕೊಳ್ಳಿ: ಸ್ಯಾನ್ ಹೋಸೆ ಸ್ಟೇಟ್ ಕ್ಯಾಂಪಸ್ ಸಂಸ್ಥೆಗಳ ರಿವ್ಯೂ

ಪ್ರತಿ ವರ್ಷ ಜೂನ್ ಬಂತಂದ್ರೆ ನನ್ನ ಫೋನಿಗೆ ಅಮೆರಿಕಕ್ಕೆ ಓದೋಕೆ ಬರೋ ನಮ್ಮ ಹುಡುಗ್ರ ಮೆಸೇಜ್ ಶುರು. ಅಕ್ಕಾ ಕುಕ್ಕರ್ ಮೂರು ಲೀಟರ್ ಸಾಕಾ ಐದು ಬೇಕಾ, ಅಕ್ಕಾ ಉಪ್ಪಿನಕಾಯಿ ತಂದ್ರೆ ಕಸ್ಟಮ್ಸ್‌ನಲ್ಲಿ ಬಿಡ್ತಾರಾ, ರೂಮ್ ಕ್ಯಾಂಪಸ್ ಹತ್ರಾನೇ ಹಿಡೀಬೇಕಾ ಸ್ವಲ್ಪ ದೂರ ಆದ್ರೂ ನಡೆಯುತ್ತಾ. ಗೊತ್ತಿರೋದನ್ನೆಲ್ಲ ಹೇಳ್ತೀನಿ. ಆದ್ರೆ ಒಂದು ವಿಷಯ ಮಾತ್ರ ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ಲ, ಅದಕ್ಕೇ ಕೂತು ಬರೀತಿದೀನಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಫೀಸ್ ಬಿಲ್ ತೆಗೆದು ನೋಡಿ. ಮೇಲೆ ಟ್ಯೂಷನ್, ಅದನ್ನ ನೋಡಿ ಎದೆ ಧಸಕ್ ಅಂದಿರುತ್ತೆ, ಹಾಗಾಗಿ ಕೆಳಗಿರೋ ಸಣ್ಣ ಸಣ್ಣ ಸಾಲು ಯಾರೂ ಓದಲ್ಲ. ಅಲ್ಲಿ ಸ್ಟೂಡೆಂಟ್ ಅಸೋಸಿಯೇಷನ್ ಅಂತ ಒಂದು, ಸ್ಟೂಡೆಂಟ್ ಯೂನಿಯನ್ ಅಂತ ಒಂದು ಇರುತ್ತೆ. ಎಜುಕೇಶನ್ ಲೋನ್ ತೆಗೆದು ಕಟ್ಟಿರೋ ದುಡ್ಡು ಅದು, ಅದಕ್ಕೆ ಇಲ್ಲಿಗೆ ಬಂದ್ಮೇಲೆ ಬಡ್ಡಿನೂ ಕಟ್ತೀವಿ. ಆ ಸಾಲುಗಳ ಹಿಂದೆ ಏನೇನಿದೆ ಅಂತ ನಂಗೆ ಪೂರ್ತಿ ಗೊತ್ತಾಗೋಕೆ ಒಂದು ಸೆಮಿಸ್ಟರ್ ಹಿಡೀತು. ನಿಮಗೆ ಮೊದಲ ವಾರದಲ್ಲೇ ಗೊತ್ತಾಗ್ಲಿ.

ಮೊದ್ಲು ಆ ಸಾಲುಗಳ ಹಿಂದಿರೋ ಸಂಸ್ಥೆಗಳು ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಇಲ್ಲೇ ಎಲ್ರೂ ಕನ್ಫ್ಯೂಸ್ ಆಗೋದು. ಸ್ಯಾನ್ ಹೋಸೆ ಸ್ಟೇಟ್ ಸರ್ಕಾರಿ ಯೂನಿವರ್ಸಿಟಿ, 1857ರಲ್ಲಿ ಟೀಚರ್ ಟ್ರೈನಿಂಗ್ ಶಾಲೆ ಆಗಿ ಶುರುವಾಗಿದ್ದು, ಈಗ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಅನ್ನೋ ದೊಡ್ಡ ಕುಟುಂಬದ ಒಂದು ಕ್ಯಾಂಪಸ್. ಪಾಠ, ಲ್ಯಾಬು, ಪ್ರೊಫೆಸರ್ ಸಂಬಳಕ್ಕೆಲ್ಲ ರಾಜ್ಯ ಸರ್ಕಾರದ ದುಡ್ಡು ಮತ್ತೆ ನಮ್ಮ ಟ್ಯೂಷನ್. ಆದ್ರೆ ಊಟ, ಪುಸ್ತಕದಂಗಡಿ, ವಿದ್ಯಾರ್ಥಿ ಸಂಘ, ಜಿಮ್ಮು, ರಿಸರ್ಚ್ ಗ್ರಾಂಟ್ ನೋಡ್ಕೊಳ್ಳೋದು, ದಾನಿಗಳ ದುಡ್ಡು ಇಟ್ಕೊಳ್ಳೋದು, ಇಂಥ ಕೆಲಸಕ್ಕೆಲ್ಲ ಬೇರೆಬೇರೆ ಸಂಸ್ಥೆ ಮಾಡ್ಕೊಳ್ಳೋಕೆ ಅಲ್ಲಿಯ ಕಾನೂನಿನಲ್ಲೇ ಅವಕಾಶ ಇದೆ. ಆಕ್ಸಿಲಿಯರಿ ಅಂತಾರೆ. ರಿಜಿಸ್ಟರ್ ಆಗಿರೋ ಲಾಭರಹಿತ ಸಂಸ್ಥೆ, ತನ್ನದೇ ಬೋರ್ಡು, ತನ್ನದೇ ಲೆಕ್ಕ, ತನ್ನ ಖರ್ಚು ತಾನೇ ದುಡ್ಕೋಬೇಕು. ದುಡಿದು ಉಳಿದಿದ್ದು ವಾಪಸ್ ಕ್ಯಾಂಪಸ್‌ಗೇ ಹೋಗ್ಬೇಕು, ಯಾರ ಜೇಬಿಗೂ ಹೋಗೋ ಹಾಗಿಲ್ಲ.

ನಾನು ಗದಗ ಜಿಲ್ಲೆಯವಳು, ನಮ್ಮಪ್ಪ ಊರಿನ ಸೊಸೈಟಿ ಸೆಕ್ರೆಟರಿ ಆಗಿದ್ದೋರು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲೇ ಅಲ್ವಾ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಗಿದ್ದು, ಹಾಗಾಗಿ ನಮ್ಮನೇಲಿ ಸಂಘ, ಸಭೆ, ಅಢಾವೆ ಪತ್ರಿಕೆ ಅನ್ನೋ ಮಾತು ಊಟದ ಹೊತ್ತಲ್ಲೂ ನಡೀತಿತ್ತು. ನಾನು ಫೋನ್‌ನಲ್ಲಿ ಈ ಆಕ್ಸಿಲಿಯರಿ ವಿಷಯ ಹೇಳಿದಾಗ ಅಪ್ಪ ಕೇಳಿದ್ದ ಮೊದಲನೇ ಪ್ರಶ್ನೆ, "ಅಲ್ಲವಾ, ಹಂಗಂದ್ರ ಷೇರು ಯಾರ್ದು? ಡಿವಿಡೆಂಡ್ ಯಾರಿಗೆ ಹಂಚ್ತಾರ?" ಷೇರೂ ಇಲ್ಲ ಡಿವಿಡೆಂಡೂ ಇಲ್ಲ ಅಪ್ಪಾ, ಉಳಿದಿದ್ದೆಲ್ಲ ಹುಡುಗ್ರ ಕೆಲಸಕ್ಕೇ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾರ ಆಡಿಟ್ ಛಲೋ ಇರಬೇಕ್ ನೋಡ" ಅಂದ್ರು. ಆಡಿಟ್ ವಿಷಯಕ್ಕೆ ಆಮೇಲೆ ಬರ್ತೀನಿ.

ಸರಿ, ರಿವ್ಯೂ. ನನ್ನ ಪ್ರಕಾರ ಎಲ್ಲಕ್ಕಿಂತ ಮೇಲೆ ಬಸ್ ಪಾಸ್. ಅಸೋಸಿಯೇಟೆಡ್ ಸ್ಟೂಡೆಂಟ್ಸ್, ಅಂದ್ರೆ ಇಲ್ಲಿಯ ವಿದ್ಯಾರ್ಥಿ ಸಂಘ, ಎಲ್ರೂ ಎ.ಎಸ್. ಅಂತಾರೆ, ಅವರದ್ದೊಂದು ಟ್ರಾನ್ಸ್‌ಪೋರ್ಟೇಷನ್ ಸೊಲ್ಯೂಷನ್ಸ್ ಅನ್ನೋ ವಿಭಾಗ ಇದೆ. ಅಲ್ಲಿಂದ ಕ್ಲಿಪ್ಪರ್ ಅನ್ನೋ ಬಸ್ಸು ರೈಲಿನ ಕಾರ್ಡ್ ಮೇಲೆ ಇಲ್ಲಿಯ ಸಾರಿಗೆ ಸಂಸ್ಥೆ ವಿಟಿಎದ ಸ್ಮಾರ್ಟ್‌ಪಾಸ್ ಹಾಕಿಸ್ಕೊಂಡ್ರೆ ಸಾಂತಾ ಕ್ಲಾರಾ ಕೌಂಟಿಯ ಬಸ್ಸು, ಲೈಟ್ ರೈಲು ಎರಡರಲ್ಲೂ ಎಷ್ಟು ಸಲ ಬೇಕಾದ್ರೂ ಓಡಾಡ್ಬಹುದು. ಲೆಕ್ಕ ಹಾಕಿ ನೋಡಿ. ನಾನು ಓದೋವಾಗ ಒಂದು ಸಲ ಹತ್ತಿದ್ರೆ ಎರಡೂವರೆ ಡಾಲರ್, ಹೋಗಿ ಬಂದ್ರೆ ಐದು, ವಾರಕ್ಕೆ ಐದು ದಿನ ಅಂದ್ರೆ 25, ಹದಿನಾರು ವಾರದ ಸೆಮಿಸ್ಟರ್‌ಗೆ 400 ಡಾಲರ್. ಕ್ಲಾಸಿಗೆ ಮಾತ್ರ ಓಡಾಡಿದ್ರೇ ಇಷ್ಟು. ಕ್ಯಾಂಪಸ್ ಪಕ್ಕ ಬಾಡಿಗೆ ಕೊಡೋಕಾಗದೆ ಐದಾರು ಮೈಲಿ ದೂರ ನಾಲ್ಕು ಜನ ಸೇರ್ಕೊಂಡು ಇದ್ದಿದ್ದು ನಾವು, ಈ ಪಾಸ್ ಇಲ್ದಿದ್ರೆ ದೂರದಲ್ಲಿ ಇದ್ದು ಉಳಿಸಿದ್ದೆಲ್ಲ ಬಸ್ಸಿಗೇ ಹೋಗ್ತಿತ್ತು.

22 ನಂಬರ್ ಬಸ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಎಲ್ ಕಮೀನೊ ರಸ್ತೆ ಹಿಡ್ಕೊಂಡು ಸಾಂತಾ ಕ್ಲಾರಾ, ಸನ್ನಿವೇಲ್ ದಾಟಿ ಪಾಲೊ ಆಲ್ಟೊ ತನಕ ಹೋಗುತ್ತೆ, ದಾರೀಲಿ ನಮ್ಮೋರ ಅಂಗಡಿಗಳು ಸಾಲುಸಾಲು. ಶನಿವಾರ ಬೆಳಿಗ್ಗೆ ಹೋಗಿ 20 ಪೌಂಡ್ ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಸಿಕ್ಕಿದ್ರೆ ಅದು, ಎಲ್ಲ ಒಂದು ಟ್ರಾಲಿ ಬ್ಯಾಗಲ್ಲಿ ತುಂಬ್ಕೊಂಡು ಬರ್ತಿದ್ವಿ. ಅದೇ ಬಸ್ಸಲ್ಲಿ ರಾತ್ರಿ ಹೊತ್ತು ಹತ್ತಿದ್ರೆ ಬೇರೇನೇ ಲೋಕ. ಮನೆ ಇಲ್ಲದೋರು ಕಂಬಳಿ ಹೊದ್ಕೊಂಡು ಸೀಟಲ್ಲೇ ಮಲಗಿರ್ತಾರೆ, ಈ ತುದಿಯಿಂದ ಆ ತುದಿಗೆ, ಬೆಚ್ಚಗೆ ಒಂದು ಜಾಗ ಸಿಗುತ್ತಲ್ಲ ಅಂತ. ಹೊರಗಡೆ ಅಷ್ಟು ದೊಡ್ಡ ದೊಡ್ಡ ಕಂಪನಿಗಳ ಬೋರ್ಡು. ಮೊದಲ ಸಲ ನೋಡಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಪಾಸ್ ವಿಷಯದಲ್ಲಿ ಎರಡು ಸೂಚನೆ. ಪ್ರತಿ ಸಲ ಹತ್ತಿದಾಗ ಕಾರ್ಡ್ ಟ್ಯಾಗ್ ಮಾಡ್ಲೇಬೇಕು, ಅಂದ್ರೆ ಮೆಷಿನ್ನಿಗೆ ಮುಟ್ಟಿಸ್ಬೇಕು, ಫ್ರೀ ಅಲ್ವಾ ಅಂತ ಸುಮ್ನೆ ಲೈಟ್ ರೈಲು ಹತ್ತಿ ಕೂತ್ರೆ ಚೆಕಿಂಗ್‌ನೋರು ಬಂದಾಗ ದಂಡ. ಎರಡನೇದು, ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಸುತ್ತಲಿನ ಊರುಗಳಲ್ಲಿ, ಬೇರೆಬೇರೆ ಸಾರಿಗೆ ಏಜೆನ್ಸಿಗಳು ಇವೆ, ವಿಟಿಎ ಪಾಸ್ ಬೇರೆ ಏಜೆನ್ಸಿಯ ರೈಲು ಬಾರ್ಟ್‌ನಲ್ಲಿ ನಡೆಯಲ್ಲ. 2022ರ ಆಗಸ್ಟಲ್ಲಿ ಕ್ಲಿಪ್ಪರ್ ಬೇಪಾಸ್ ಅಂತ ಪ್ರಯೋಗ ಶುರು ಮಾಡಿದ್ರು, ಬಾರ್ಟು, ಕ್ಯಾಲ್‌ಟ್ರೇನು ಎಲ್ಲದಕ್ಕೂ ಒಂದೇ ಪಾಸು, ಬರ್ಕ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್, ಸಾಂತಾ ರೋಸಾ ಜೂನಿಯರ್ ಕಾಲೇಜು ಮತ್ತೆ ನಮ್ಮ ಕ್ಯಾಂಪಸ್, ಇಷ್ಟು ಕಡೆ. ನಮ್ಮಲ್ಲಿ ಎಲ್ರಿಗೂ ಕೊಡ್ಲಿಲ್ಲ, ಲಾಟರಿ ಎತ್ತಿದ ಹಾಗೆ ಆಯ್ಕೆ. ನನ್ನ ರೂಮ್‌ಮೇಟ್‌ಗೆ ಬಂತು, ಆ ವರ್ಷ ಅವಳು ನೋಡಿದಷ್ಟು ಸಮುದ್ರ ನಾನು ನಾಲ್ಕು ವರ್ಷದಲ್ಲಿ ನೋಡಿಲ್ಲ. ನೀವು ಬಂದಾಗ ಯಾವ್ಯಾವ ಪಾಸ್ ನಡೀತಿದೆ ಅಂತ ಕೌಂಟರ್‌ನಲ್ಲೇ ಕೇಳ್ಕೊಳ್ಳಿ.

ಎರಡನೇದು ಎ.ಎಸ್. ಪ್ರಿಂಟ್ ಸೆಂಟರ್. ಈಗ ಯಾರು ಪ್ರಿಂಟ್ ತಗೋತಾರೆ ಅನ್ಬೇಡಿ, ಪ್ರಾಜೆಕ್ಟ್ ಪೋಸ್ಟರ್ ಹೊತ್ತಲ್ಲಿ ಗೊತ್ತಾಗುತ್ತೆ. ನಮ್ಮ ಪೋಸ್ಟರ್ ಪ್ರೆಸೆಂಟೇಷನ್ ಹಿಂದಿನ ದಿನ ಮಧ್ಯಾಹ್ನ ನಾವು ನಾಲ್ಕು ಜನ ಫೈಲ್ ತಗೊಂಡು ಹೋದ್ವಿ, ಕೌಂಟರ್‌ನಲ್ಲಿದ್ದ ಹುಡುಗಿ ನಮ್ಮ ಥರಾನೇ ಸ್ಟೂಡೆಂಟು, ಫೈಲ್ ಓಪನ್ ಮಾಡಿ ಝೂಮ್ ಮಾಡಿ ತೋರಿಸಿದ್ಲು, ಗ್ರಾಫ್ ಎಲ್ಲ ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದ್ವಿ, ಪೋಸ್ಟರ್ ಸೈಜಿಗೆ ಹೋದ್ರೆ ಅಕ್ಷರ ಎಲ್ಲ ಮಸುಕು ಮಸುಕು. ಹಾಗೇ ಪ್ರಿಂಟ್ ಒತ್ತಿ ದುಡ್ಡು ತಗೋಬಹುದಿತ್ತು. ಒತ್ತಲಿಲ್ಲ. ಪಕ್ಕದ ಕಂಪ್ಯೂಟರ್‌ನಲ್ಲಿ ಕೂರ್ಸಿ ಗ್ರಾಫ್ ಹೇಗೆ ಎಕ್ಸ್‌ಪೋರ್ಟ್ ಮಾಡೋದು ಅಂತ ಹೇಳ್ಕೊಟ್ಲು, ಸರಿ ಮಾಡಿದ್ಮೇಲೆ ಮೊದ್ಲು ಒಂದು ಮೂಲೆ ಮಾತ್ರ ಸಣ್ಣ ಹಾಳೇಲಿ ತೆಗೆದು ತೋರಿಸಿದ್ಲು, ಆಮೇಲೆ ದೊಡ್ಡ ಮೆಷಿನ್‌ಗೆ ಕೊಟ್ಲು. ಪೇಪರ್ ನಿಧಾನಕ್ಕೆ ಹೊರಗೆ ಬರೋದನ್ನ ನಾವೆಲ್ಲ ನಿಂತ್ಕೊಂಡು ನೋಡ್ತಿದ್ವಿ. ಲಾಭಕ್ಕೆ ನಡೆಸೋ ಅಂಗಡಿಯಲ್ಲೂ ಒಳ್ಳೇ ಜನ ಇರ್ತಾರೆ ಒಪ್ತೀನಿ, ಆದ್ರೆ ಇಲ್ಲಿ ಆ ಹುಡುಗಿಗೆ ನಮ್ಮನ್ನ ಬೇಗ ಸಾಗಹಾಕೋ ಅವಸರ ಇರ್ಲಿಲ್ಲ, ನಾಳೆ ಅವಳೂ ಅದೇ ಹಾಲ್‌ನಲ್ಲಿ ಪೋಸ್ಟರ್ ಹಿಡ್ಕೊಂಡು ನಿಲ್ಲೋಳು.

ಇಲ್ಲೇ ಕೆಲಸದ ವಿಷಯ ಬರುತ್ತೆ, ನಮ್ಮೋರು ಗಮನ ಇಟ್ಟು ಓದಿ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಬೇರೆ ಅನುಮತಿ ಇಲ್ದೆ ಹೊರಗಡೆ ದುಡಿಯೋ ಹಾಗಿಲ್ಲ, ಕ್ಯಾಂಪಸ್ ಒಳಗೆ ಮಾತ್ರ, ಅದೂ ಸೆಮಿಸ್ಟರ್ ನಡೀವಾಗ ವಾರಕ್ಕೆ 20 ಗಂಟೆ. ಕ್ಯಾಂಪಸ್ ಕೆಲಸ ಅಂದ್ರೆ ಎಲ್ರೂ ಡಿಪಾರ್ಟ್‌ಮೆಂಟ್‌ನಲ್ಲಿ ಟಿಎ (ಪಾಠಕ್ಕೆ ಸಹಾಯ ಮಾಡೋರು), ಗ್ರೇಡರ್ (ಪೇಪರ್ ತಿದ್ದೋರು) ಅಂತಾನೇ ಕಾಯ್ತಾ ಕೂರ್ತಾರೆ. ಈ ಸಂಸ್ಥೆಗಳು ಬೇರೆ ಸಂಸ್ಥೆ ಆದ್ರೂ ಕ್ಯಾಂಪಸ್ ಒಳಗೆ ವಿದ್ಯಾರ್ಥಿಗಳಿಗೇ ಸೇವೆ ಕೊಡೋದ್ರಿಂದ ಇಲ್ಲಿಯ ಕೆಲಸಾನೂ ಕ್ಯಾಂಪಸ್ ಕೆಲಸಾನೇ, ಸೇರೋ ಮುಂಚೆ ಇಂಟರ್‌ನ್ಯಾಷನಲ್ ಆಫೀಸಲ್ಲಿ ಒಂದು ಮಾತು ಕೇಳಿ ಖಾತ್ರಿ ಮಾಡ್ಕೊಳ್ಳಿ. ಜಿಮ್ ಫ್ರಂಟ್ ಡೆಸ್ಕು, ಪ್ರಿಂಟ್ ಕೌಂಟರು, ಇವೆಂಟ್‌ಗಳಿಗೆ ಕುರ್ಚಿ ಹಾಕೋದು, ರಿಸರ್ಚ್ ಫೌಂಡೇಶನ್ ಗ್ರಾಂಟ್ ಮೇಲೆ ಲ್ಯಾಬ್ ಕೆಲಸ, ಎಲ್ಲದಕ್ಕೂ ಹುಡುಗ್ರು ಬೇಕು. ಆಫರ್ ಲೆಟರ್ ಸಿಕ್ಕ ಮೇಲೇನೇ ಸೋಶಿಯಲ್ ಸೆಕ್ಯುರಿಟಿ ನಂಬರ್‌ಗೆ ಅರ್ಜಿ ಹಾಕೋಕಾಗೋದು, ಅದೂ ನೆನಪಿರ್ಲಿ. ನಾನು ಎರಡನೇ ಸೆಮಿಸ್ಟರ್‌ನಿಂದ ಕುರ್ಚಿ ಹಾಕೋ ಕೆಲಸ ಮಾಡಿದೀನಿ, ಮನೆ ಬಾಡಿಗೆ ಅದರಲ್ಲೇ ಹೋಗ್ತಿತ್ತು, ಊರಿಂದ ದುಡ್ಡು ತರಿಸ್ಕೊಳ್ಳೋದು ನಿಂತ ತಿಂಗಳು ಅಪ್ಪಂಗೆ ಫೋನ್ ಮಾಡಿದ್ದು ಇನ್ನೂ ನೆನಪಿದೆ. ಕೂಲಿ ವಿಷಯಕ್ಕೆ ಇನ್ನೊಂದು ಕಥೆ ಇದೆ. ಈ ನಗರದ ಕನಿಷ್ಠ ಕೂಲಿ ಮೇಲೆ ಹೋಗಿದ್ದೇ ಇಲ್ಲಿಯ ಸಮಾಜಶಾಸ್ತ್ರದ ಒಂದು ಕ್ಲಾಸ್‌ನಿಂದ. ಓದ್ಕೊಂಡೇ ದುಡೀತಿದ್ದ ಹುಡುಗ್ರು ಕ್ಲಾಸ್ ಪ್ರಾಜೆಕ್ಟ್ ಅಂತ ಹಿಡಿದಿದ್ದು ಸಹಿ ಸಂಗ್ರಹ, ಪ್ರಚಾರ ಅಂತ ಬೆಳೆದು 2012ರ ನವೆಂಬರ್‌ನಲ್ಲಿ ಊರಿಗೆ ಊರೇ ವೋಟ್ ಹಾಕಿ ಗಂಟೆಗೆ 8 ಡಾಲರ್ ಇದ್ದಿದ್ದನ್ನ 10 ಮಾಡಿತು.

ಎ.ಎಸ್. ಅವರದ್ದೇ ಇನ್ನೊಂದು ಕಡೆ ಸಮುದಾಯ ತೋಟ ಇದೆ, ಅಮೆರಿಕದ ಕೃಷಿ ಕಾರ್ಮಿಕರ ನಾಯಕ ಸೆಸಾರ್ ಚಾವೆಜ್ ಹೆಸರಿನ ಸಮುದಾಯ ಕೇಂದ್ರದೋರು ನೋಡ್ಕೊಳ್ಳೋದು. ಅಲ್ಲಿ ಸ್ವಯಂಸೇವೆಗೆ ಹೋಗಿ, ಮಣ್ಣು ಮುಟ್ಟಿದ್ರೆ ಊರಿನ ಸಂಕಟ ಸ್ವಲ್ಪ ಇಳಿಯುತ್ತೆ. ಬೆಳೆದ ಸೊಪ್ಪು ತರಕಾರಿ ಹುಡುಗ್ರಿಗೇ ಹಂಚ್ತಾರೆ. ಸ್ಟೂಡೆಂಟ್ ಯೂನಿಯನ್ ಕಟ್ಟಡದಲ್ಲಿ ಫುಡ್ ಪ್ಯಾಂಟ್ರಿ, ಅಂದ್ರೆ ಹುಡುಗ್ರಿಗೆ ಪುಕ್ಕಟೆ ದಿನಸಿ ಕೊಡೋ ಜಾಗ ಬೇರೆ ಇದೆ, ಅದು ಯೂನಿವರ್ಸಿಟಿಯ ಕಾರ್ಯಕ್ರಮ, ಆಕ್ಸಿಲಿಯರಿದಲ್ಲ, ಆದ್ರೂ ಹೇಳ್ತೀನಿ ಯಾಕಂದ್ರೆ ನಮ್ಮೋರು ಅಲ್ಲಿಗೆ ಹೋಗೋಕೆ ಹಿಂಜರೀತಾರೆ. ದಾನ ತಗೊಂಡ ಹಾಗೆ ಅನ್ಸುತ್ತೆ ಅಂತಾರೆ. ಹಾಗೇನಿಲ್ಲ ರೀ, ನಮ್ಮ ಮಠಗಳಲ್ಲಿ ಸಾಲಲ್ಲಿ ಕೂತು ಊಟ ಮಾಡುವಾಗ ಯಾರಾದ್ರೂ ನಾಚ್ಕೋತಾರಾ? ತಿಂಗಳ ಕೊನೇಲಿ ಬರೀ ಮ್ಯಾಗಿ ತಿನ್ಕೊಂಡು ಓದ್ತಿದ್ದ ಹುಡುಗನ್ನ ನಾನೇ ಕೈ ಹಿಡಿದು ಕರ್ಕೊಂಡು ಹೋಗಿದೀನಿ.

ಮಕ್ಕಳಿರೋರು ಓದೋಕೆ ಬಂದಿದ್ರೆ ಎ.ಎಸ್. ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ವಿಚಾರಿಸಿ, ಅರ್ಜಿ ಎಷ್ಟು ಬೇಗ ಹಾಕ್ತೀರೋ ಅಷ್ಟು ಒಳ್ಳೇದು. ನಂಗೆ ಸ್ವಂತ ಅನುಭವ ಇಲ್ಲ, ನನ್ನ ಟೀಮ್‌ನಲ್ಲಿದ್ದ ಒಬ್ಬ ತಾಯಿ ಮಗುನ ಅಲ್ಲಿ ಬಿಟ್ಟು ಹತ್ತು ನಿಮಿಷದಲ್ಲಿ ಕ್ಲಾಸಲ್ಲಿರ್ತಿದ್ರು. ಸ್ಟೂಡೆಂಟ್ ಯೂನಿಯನ್‌ನೋರ ಜಿಮ್ 2019ರಲ್ಲಿ ಹೊಸದಾಗಿ ಕಟ್ಟಿದ್ದು, 50 ಮೀಟರ್ ಈಜುಕೊಳ ಇದೆ, ಯೂನಿಯನ್ ಕಟ್ಟಡದಲ್ಲಿ ಚೆಂಡು ಉರುಳಿಸಿ ಪಿನ್ ಬೀಳಿಸೋ ಬೌಲಿಂಗ್ ಬೇರೆ ಇದೆ, ಹೋಗಿ, ಚೆನ್ನಾಗಿದೆ.

ಈಗ ಆಡಿಟ್. ಇದು ಬೋರಿಂಗ್ ಅನ್ಕೊಂಡು ಸ್ಕಿಪ್ ಮಾಡ್ಬೇಡಿ, ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಇದೇ. ಸರ್ಕಾರದ್ದೂ ಅಲ್ಲ ಖಾಸಗೀನೂ ಅಲ್ಲ ಅನ್ನೋ ಸಂಸ್ಥೆಗೆ ಒಂದು ಅಪಾಯ ಯಾವಾಗ್ಲೂ ಇರುತ್ತೆ, ಲೆಕ್ಕ ಕೇಳಿದ್ರೆ ನಾವು ಸರ್ಕಾರ ಅಲ್ಲ ಅನ್ಬಹುದು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಆಗಿದೆ. ಇದೇ ಯೂನಿವರ್ಸಿಟಿ ಕುಟುಂಬದ ಫ್ರೆಸ್ನೊ ಕ್ಯಾಂಪಸ್‌ಗೆ ಸಂಬಂಧಪಟ್ಟ ಕೇಸಲ್ಲಿ 2001ರಲ್ಲಿ ಕೋರ್ಟು ಈ ಆಕ್ಸಿಲಿಯರಿಗಳು ರಾಜ್ಯದ ಏಜೆನ್ಸಿ ಅಲ್ಲ, ಹಾಗಾಗಿ ಸಾರ್ವಜನಿಕ ದಾಖಲೆ ಕಾಯ್ದೆ ಇವಕ್ಕೆ ಅನ್ವಯ ಆಗಲ್ಲ ಅಂತ ಹೇಳಿಬಿಡ್ತು. ಆಮೇಲೆ 2010ರಲ್ಲಿ ಸ್ಟಾನಿಸ್ಲಾಸ್ ಕ್ಯಾಂಪಸ್‌ನ ಫೌಂಡೇಶನ್ ತನ್ನ ಸಮಾರಂಭಕ್ಕೆ ರಾಜಕಾರಣಿ ಸಾರಾ ಪೇಲಿನ್‌ರನ್ನ ಭಾಷಣಕ್ಕೆ ಕರೆಸ್ತು, ಎಷ್ಟು ಕೊಡ್ತೀರಿ ಅಂದ್ರೆ ಹೇಳ್ಲಿಲ್ಲ, ಆಗ ವಿದ್ಯಾರ್ಥಿಗಳಿಗೆ ಕರಾರಿನ ಕೆಲವು ಪುಟ ಕಸದ ಡಬ್ಬೀಲಿ ಸಿಕ್ತು. ಎಪ್ಪತ್ತೈದು ಸಾವಿರ ಡಾಲರ್ ಸಂಭಾವನೆ ಅಂತ ಆಮೇಲೆ ಹೊರಗೆ ಬಂತು. ಆ ಗದ್ದಲದ ನಂತರ 2011ರಲ್ಲಿ ಹೊಸ ಕಾಯ್ದೆ ಬಂತು, ಈಗ ಆಕ್ಸಿಲಿಯರಿಗಳೂ ಕೇಳಿದ್ರೆ ದಾಖಲೆ ಕೊಡ್ಬೇಕು, ದಾನಿಗಳ ಹೆಸರಿನಂಥ ಕೆಲವು ವಿನಾಯ್ತಿ ಬಿಟ್ಟು. ನಮ್ಮಲ್ಲಿ ಆರ್‌ಟಿಐ ಹಾಕ್ತೀವಲ್ಲ, ಹೆಚ್ಚುಕಮ್ಮಿ ಹಾಗೇ. ವರ್ಷಾವರ್ಷ ಹೊರಗಿನ ಆಡಿಟರ್ ಕೈಲಿ ಆಡಿಟ್ ಮಾಡಿಸ್ಬೇಕು, ಯಾರು ಕೇಳಿದ್ರೂ ಅದನ್ನ ಕೊಡ್ಬೇಕು ಅಂತ ಎಜುಕೇಶನ್ ಕೋಡ್‌ನಲ್ಲಿ ಅದಕ್ಕೂ ಮುಂಚೆಯಿಂದ್ಲೇ ಇದೆ. ವಿದ್ಯಾರ್ಥಿ ಸಂಘದ ಬೋರ್ಡ್ ಮೀಟಿಂಗ್ ಅಜೆಂಡಾ 72 ಗಂಟೆ ಮುಂಚೆ ಹಾಕ್ಬೇಕು, ಯಾರು ಬೇಕಾದ್ರೂ ಬಂದು ಮಾತಾಡ್ಬಹುದು.

ನಾನು ಒಂದು ಸಲ ಹೋಗಿದ್ದೆ. ಸಣ್ಣ ರೂಮು, ಬೋರ್ಡಿನೋರೆಲ್ಲ ಇಪ್ಪತ್ತು ಇಪ್ಪತ್ತೊಂದರ ಮಕ್ಕಳು, ಹಿಂದಿನ ಸಾಲಲ್ಲಿ ಕೇಳೋಕೆ ಬಂದಿದ್ದೋರು ಮೂರೇ ಜನ. ನನ್ನ ಸರದಿ ಬಂದಾಗ ರಾತ್ರಿ ಕ್ಲಾಸ್ ಮುಗಿಸಿ ಬಸ್ಸಿಗೆ ನಡೆಯೋ ದಾರಿ ಬಗ್ಗೆ ಎರಡು ನಿಮಿಷ ಮಾತಾಡಿದೆ, ಬರೆದ್ಕೊಂಡ್ರು, ಒಬ್ಬಳು ಆಮೇಲೆ ಬಂದು ಯಾವ ಬೀದಿ ಅಂತ ಕೇಳಿದ್ಲು. ಅಷ್ಟು ಲಕ್ಷ ಫೀಸ್ ಕಟ್ಟಿರೋ ನಮ್ಮ ದೇಶದ ಸಾವಿರಾರು ಹುಡುಗ್ರಲ್ಲಿ ಆ ರೂಮಲ್ಲಿ ಇದ್ದಿದ್ದು ನಾನೊಬ್ಳೇ. ಇದು ನಂಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ನಾವು ವೋಟ್ ಹಾಕ್ಬಹುದು, ಕೇಳ್ಬಹುದು, ವೀಸಾಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ಹೆದ್ರಿಕೊಂಡು ದೂರ ಇರ್ತೀವಿ.

ಮೈನಸ್ ಇಲ್ವಾ ಅಂದ್ರೆ ಇದೆ. ತನ್ನ ಖರ್ಚು ತಾನೇ ದುಡ್ಕೋಬೇಕು ಅನ್ನೋದೇ ಇವುಗಳ ಬಲ, ಅದೇ ಇವುಗಳ ದೌರ್ಬಲ್ಯ. 2020ರಲ್ಲಿ ಕ್ಯಾಂಪಸ್‌ಗಳು ಖಾಲಿ ಆದಾಗ ಜನಾನೇ ಇಲ್ಲದ ಕಡೆ ಊಟ ಯಾರಿಗೆ ಮಾರ್ತೀರಿ, ಪುಸ್ತಕ ಯಾರಿಗೆ ಮಾರ್ತೀರಿ, ರಾಜ್ಯ ಬಜೆಟ್‌ನ ಆಸರೆ ಇಲ್ಲದ ಇಂಥ ಸಂಸ್ಥೆಗಳಿಗೆ ದೇಶದ ಉದ್ದಗಲಕ್ಕೂ ಹೊಡೆತ ಬಿತ್ತು. ಜೊತೆಗೆ ದುಡ್ಡಿನ ಒತ್ತಡ ಬಂದ ಕಡೆ ಊಟ, ಪುಸ್ತಕದಂಗಡಿ ಎಲ್ಲ ಹೊರಗಿನ ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಡ್ತಾರೆ. ನನ್ನ ಚಿಕ್ಕಪ್ಪನ ಮಗ ಬೇರೆ ರಾಜ್ಯದ ಒಂದು ಯೂನಿವರ್ಸಿಟೀಲಿ ಓದಿದ್ದು, ಹೆಸರು ಬೇಡ, ಅಲ್ಲಿ ಮೀಲ್ ಪ್ಲಾನ್ ಅಂತ ಕಟ್ಟಿಸ್ಕೊಂಡ್ರು, ಅವನು ಶುದ್ಧ ಶಾಕಾಹಾರಿ, ಸಿಗ್ತಿದ್ದಿದ್ದು ಸಲಾಡು, ಫ್ರೈಸು. ಸೆಮಿಸ್ಟರ್ ಮುಗಿದಾಗ ಉಳಿದಿದ್ದ ಬ್ಯಾಲೆನ್ಸ್ ವಾಪಸ್ಸೂ ಇಲ್ಲ, ಮುಂದಕ್ಕೂ ಇಲ್ಲ. ಲೆಕ್ಕ ಯಾರನ್ನ ಕೇಳ್ಬೇಕು ಅಂದ್ರೆ ಕೌಂಟರ್‌ನೋರು ಯೂನಿವರ್ಸಿಟಿ ಕಡೆ ಕೈ ತೋರ್ಸಿದ್ರು, ಯೂನಿವರ್ಸಿಟಿಯೋರು ಕಂಪನಿ ಕಡೆ ತೋರ್ಸಿದ್ರು. ಹಾಗಾಗಿ ಎಲ್ಲೇ ಸೇರಿದ್ರೂ ಮೀಲ್ ಪ್ಲಾನ್ ಕಟ್ಟೋ ಮುಂಚೆ ಉಳಿದ ದುಡ್ಡು ಏನಾಗುತ್ತೆ ಅಂತ ಬರವಣಿಗೇಲಿ ಕೇಳಿ.

ಸ್ಟಾರ್ ಕೊಡು ಅಂದ್ರೆ ಬಸ್ ಪಾಸ್‌ಗೆ ಐದಕ್ಕೆ ಐದು, ಪ್ರಿಂಟ್ ಸೆಂಟರ್‌ಗೆ ಐದು, ಒಟ್ಟಾರೆ ನಾಲ್ಕೂವರೆ. ಅರ್ಧ ಕಮ್ಮಿ ಮಾಡಿದ್ದು ಯಾಕಂದ್ರೆ ಇಷ್ಟೆಲ್ಲ ಇದೆ ಅಂತ ಹೊಸಬರಿಗೆ ಯಾರಾದ್ರೂ ಒಬ್ಬ ಸೀನಿಯರ್ ಹೇಳೋ ತನಕ ಗೊತ್ತಾಗಲ್ಲ.

ಅಪ್ಪ ಅಮ್ಮ ನನ್ನ ಗ್ರಾಜುಯೇಷನ್‌ಗೆ ಬಂದಿದ್ರು. ಕ್ಯಾಂಪಸ್ ಎಲ್ಲ ತೋರಿಸ್ತಾ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪ್ರತಿಮೆ ಹತ್ರ ಕರ್ಕೊಂಡು ಹೋದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಪ್ಪು ಗವಸಿನ ಮುಷ್ಟಿ ಎತ್ತಿದ ಇಬ್ರೂ ಇಲ್ಲೇ ಓದಿದ್ದೋರು. ಒಬ್ಬ ವಿದ್ಯಾರ್ಥಿ ಎತ್ತಿದ ಮಾತನ್ನ ಎ.ಎಸ್. ಕೈಗೆತ್ಕೊಂಡು 2005ರಲ್ಲಿ ಈ ಪ್ರತಿಮೆ ನಿಲ್ಲಿಸ್ತು. ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ನನ್ನ ಜಾಗ ಖಾಲಿ ಬಿಡಿ, ಬಂದೋರು ಅಲ್ಲಿ ನಿಲ್ಲಲಿ ಅಂದಿದ್ರಂತೆ, ಹಾಗಾಗಿ ಎರಡನೇ ಮೆಟ್ಟಿಲು ಖಾಲಿ. ಅಪ್ಪ ಚಪ್ಪಲಿ ಕೆಳಗೆ ಬಿಟ್ಟು ಮೇಲೆ ಹತ್ತಿ ನಿಂತ್ರು, ಅಮ್ಮ ಫೋಟೊ ತೆಗೆದ್ರು. ಅಲ್ಲೇ ಸ್ವಲ್ಪ ದೂರದಲ್ಲಿ ಚಾವೆಜ್ ನೆನಪಿನ ಕಮಾನು, ಅದರ ಮೇಲೆ ಗಾಂಧಿ ಚಿತ್ರ ನೋಡಿ "ಇವ್ರೂ ಇಲ್ಲಿ ಅದಾರ" ಅಂತ ಅಮ್ಮ ಕೈ ಮುಗಿದ್ರು.

ಆಮೇಲೆ ಅಪ್ಪ ನೆರಳಲ್ಲಿ ಬೆಂಚ್ ಮೇಲೆ ಕೂತು, "ಅವಾ, ಆಡಿಟ್ ರಿಪೋರ್ಟ್ ಕೊಡ್ತಾರ ಅಂದಿದ್ದೆಲ್ಲ, ತಗಿ ನೋಡೂಣು" ಅಂದ್ರು. ನಾನು ಫೋನ್‌ನಲ್ಲಿ ತೆಗೆದು ಕೊಟ್ಟೆ. ಇಂಗ್ಲಿಷ್ ಅಷ್ಟು ಬರಲ್ಲ ಅವ್ರಿಗೆ, ಆದ್ರೆ ಬ್ಯಾಲೆನ್ಸ್ ಶೀಟ್ ಬರುತ್ತೆ, ಬೆರಳಲ್ಲಿ ದೊಡ್ಡದು ಮಾಡ್ಕೊಂಡು ಎಡಗಡೆ ಬಲಗಡೆ ಸಾಲು ಸಾಲು ನೋಡ್ತಾ ಹೋದ್ರು. ಸಣ್ಣ ಸ್ಕ್ರೀನ್ ಸಾಕಾಗ್ಲಿಲ್ಲ. ಪ್ರಿಂಟ್ ಸೆಂಟರ್‌ಗೆ ಹೋಗಿ ಅಷ್ಟೂ ಪುಟ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸ್ಕೊಟ್ಟೆ, ಸೊಸೈಟಿಯೋರಿಗೆ ತೋರಿಸ್ಬೇಕು ಅಂತ ಅದನ್ನ ಸೂಟ್‌ಕೇಸ್‌ನಲ್ಲಿ ಸೀರೆಗಳ ಮಧ್ಯ ಮಡಚದ ಹಾಗೆ ಇಟ್ಕೊಂಡು ಊರಿಗೆ ಹೋದ್ರು.